ಮೂರನೆಯವನ ಪಾಲು

ಮಹಾಮಾರಿ ಹಾದುಹೋದ ಮರುವರ್ಷ, ಸಂತ ಲೂಕನ ಹಬ್ಬದ ಮಾರನೆಯ ಬೆಳಿಗ್ಗೆ, ಕುರಿ ಸಾಕುವ ಎಮಟ್ ರಾಜನ ತನಿಖಾಧಿಕಾರಿ ಹೇಮೋನ ಬಾಗಿಲಿಗೆ ಬಂದಳು. ಹೆಸಲ್‌ಕೋಟ್ ಮಠದಲ್ಲಿ ಸನ್ಯಾಸಿಯಾಗಿದ್ದ ಅವಳ ತಮ್ಮ ಆಸ್ಬರ್ಟ್ ಸುಗ್ಗಿಯಿಂದೀಚೆಗೆ ಕಾಣುತ್ತಿಲ್ಲ ಎಂಬುದು ದೂರು.

"ಹೋದಾಗೆಲ್ಲ ಮೌನವ್ರತ ಅಂತಾರೆ, ಯಜಮಾನ್ರೇ. ನನ್ ತಮ್ಮ ನಿದ್ದೇಲೂ ಬಾಯಿ ಮುಚ್ಚಿದೋನಲ್ಲ."

ಹೇಮೋ ದೂರು ದಾಖಲಿಸಿದ. ಆ ವರ್ಷ ನೋಡಿದ ಹೆಣಗಳೇ ಅವನಿಗೆ ಸಾಕಾಗಿದ್ದವು. ಆದರೂ ಪೇದೆ ಗಿಬ್‌ನನ್ನು ಕರೆದುಕೊಂಡು ಹೊರಟ.

ಮಹಾಮಾರಿ ಆ ಮಠದಲ್ಲಿ ಮೂವರನ್ನಷ್ಟೇ ಉಳಿಸಿತ್ತು: ಹಿರಿಯ ಫಾದರ್ ಥರ್ಸ್ಟನ್, ಹಾಸಿಗೆ ಹಿಡಿದ ಬ್ರದರ್ ಐವೋ, ಮತ್ತು ಆಸ್ಬರ್ಟ್. ಮೂವರಿಗಿಂತ ಕಡಿಮೆಯಾದರೆ ಮಠ ಮುಚ್ಚಬೇಕೆಂದು ಬಿಷಪ್ಪರ ಆಜ್ಞೆಯಿತ್ತು.

ಬಾಗಿಲಲ್ಲಿ ಕುಂಟ ಭಿಕ್ಷುಕನೊಬ್ಬ ಮೀನು ತಿನ್ನುತ್ತಿದ್ದ.

"ಏನಪ್ಪಾ, ಹಬ್ಬಾನಾ?" ಎಂದ ಗಿಬ್.

"ದಿನಾ ಹಬ್ಬಾನೇ. ರೊಟ್ಟಿ, ಬಿಯರು, ಮೀನು. ನಿನ್ ಹೆಂಡ್ತಿ ಹಾಕ್ತಾಳಾ ಇಷ್ಟು?"

"ಮೊದ್ಲಿಂದ್ಲೂ ಕೊಡ್ತಿದ್ರಾ?" ಹೇಮೋ ಕೇಳಿದ.

"ಎಲ್ಲಿ! ಸುಗ್ಗಿ ಮುಗಿದ ಮೇಲೆ ಶುರುವಾಯ್ತು."

ಸನ್ಯಾಸಿ ಸತ್ತರೆ ಅವನ ಊಟದ ಪಾಲನ್ನು ಬಡವರಿಗೆ ಕೊಡುವುದು ಮಠದ ಪದ್ಧತಿ. ಹೇಮೋ ನಿಟ್ಟುಸಿರುಬಿಟ್ಟು ಒಳಗೆ ನಡೆದ.

ಥರ್ಸ್ಟನ್ ಐವೋಗೆ ಗಂಜಿ ಕಾಯಿಸುತ್ತಿದ್ದ.

"ಆಸ್ಬರ್ಟ್ ಎಲ್ಲಿ, ಫಾದರ್?"

"ಮೌನದಲ್ಲಿದಾನೆ."

"ಅವನ ಊಟ ಬಾಗಿಲಲ್ಲಿ ಯಾಕಿದೆ?"

ಸೌಟು ನಿಂತಿತು. "ಆ ಪದ್ಧತಿಯೊಂದನ್ನ ತಪ್ಸೋಕೆ ನನ್ ಕೈಲಾಗ್ಲಿಲ್ಲ."

ಸೇಬಿನ ತೋಟದಲ್ಲಿ ಥರ್ಸ್ಟನ್ ತೋರಿಸಿದ ಕಡೆ, ನಾಲ್ವರು ಊರವರ ಎದುರು ಅಗೆದು ಪಂಚನಾಮೆ ಮಾಡಿದರು. ಆಸ್ಬರ್ಟನ ಮೈಮೇಲೆ ಗಾಯವಿರಲಿಲ್ಲ. ನಿಲುವಂಗಿ, ಚಪ್ಪಲಿ ಎಲ್ಲ ಕ್ರಮವಾಗಿತ್ತು. ಜ್ವರದಿಂದ ಸತ್ತನೆಂದು ಐವೋ ಮಲಗಿದ್ದಲ್ಲಿಂದಲೇ ಹೇಳಿಕೆ ಕೊಟ್ಟ.

"ನಾಯಿ ಹೂತಂಗೆ ಹೂತ್ರಲ್ಲಾ!" ಸುದ್ದಿ ಕೇಳಿ ಓಡಿಬಂದ ಎಮಟ್ ಕೂಗಿದಳು. "ಅವನಿಗೆ ಸಾವಿನ ಪ್ರಾರ್ಥನೆ ಯಾರು ಹಾಡಿದ್ರು?"

"ನಾನೇ ತಾಯಿ. ಮೆಲ್ಲಗೆ," ಎಂದ ಥರ್ಸ್ಟನ್.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಿದ್ದೆ. ಊರಿಗೆ ಕೇಳಿಸ್ತಿತ್ತು."

ಹೆಣ ಅಡಗಿಸಿದ ಆರೋಪದ ಮೇಲೆ ಹೇಮೋ ಥರ್ಸ್ಟನ್‌ನನ್ನು ಬಂಧಿಸಿದ. ಎಮಟ್ ಬೈಯುತ್ತಲೇ ಐವೋಗೆ ಗಂಜಿ ಕುಡಿಸಲು ಒಳಗೆ ಹೋದಳು.

"ಇದನ್ನ ಮುಚ್ಚಿದ್ರೆ ನಿಮ್ಮನ್ನ ದೊಡ್ಡ ಮಠಕ್ಕೆ ಕಳಿಸ್ತಿದ್ರು. ಬೆಚ್ಚಗಿರ್ತಿದ್ರಿ," ದಾರಿಯಲ್ಲಿ ಹೇಮೋ ಹೇಳಿದ. "ಯಾಕ್ ಬೇಕಿತ್ತು ಇದೆಲ್ಲಾ?"

"ಮಾರಿ ಬಂದಾಗ ಊರಿನ ಹೆಣಗಳನ್ನೆಲ್ಲಾ ನಮ್ಮ ಹೊಲದಲ್ಲೇ ಹೂತ್ವಿ. ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡ್ತೀವಿ ಅಂತ ಮಾತು ಕೊಟ್ಟಿದ್ವಿ. ಆ ದೊಡ್ಡ ಮಠದೋರಿಗೆ ಇವರು ಯಾರು?"

ಅವನು ನಡೆಯುತ್ತಲೇ ಸತ್ತವರ ಹೆಸರುಗಳನ್ನು ಹೇಳತೊಡಗಿದ. ಹೇಮೋ ತಡೆಯಲಿಲ್ಲ. ಕೊನೆಗೆ ಆಸ್ಬರ್ಟನ ಸರದಿ ಬಂತು. ಆ ಹೆಸರನ್ನು ಥರ್ಸ್ಟನ್ ಮೊದಲ ಸಲ ಗಟ್ಟಿಯಾಗಿ ಹೇಳಿದ.