ಪಾಸ್‌ವರ್ಡ್ ಹೇಳದ ಗಿರಾಕಿ

"ನೀವು ಸ್ವಲ್ಪ ಮಾರಿ ಆ ಕಡೆ ಮಾಡ್ರಿ."

ಸುಧಾರಾಣಿಯ ಬೆರಳು ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು. ಏನಂದ ಈತ?

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಆಕೆಯ ಆನ್‌ಲೈನ್ ಸೆಂಟರಿನಲ್ಲಿ ಐದು ವರ್ಷದಿಂದ ಯಾರೂ ಆಡದ ಮಾತು ಅದು. ಅಲ್ಲಿಗೆ ಬರುವವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಪಾಸ್‌ವರ್ಡ್ ಕೂಗುವವರು! ಮರೆತವರಿಗೆ ಆಕೆಯೇ ನೆನಪಿಸುವಳು. ಅದರಲ್ಲೇನು ಕಷ್ಟ? ಎಲ್ಲರಿಗೂ ಇಟ್ಟುಕೊಟ್ಟವಳೇ ಆಕೆ. ಕದರಮಂಡಲಗಿಯವರಿಗೆ ಊರ ದೇವರು ಕಾಂತೇಶನ ಹೆಸರು, ದೇವರಗುಡ್ಡದವರಿಗೆ ಮಾಲತೇಶನ ಹೆಸರು, ಅದರ ಮುಂದೆ ಒಂದು-ಎರಡು-ಮೂರು. ಇಡೀ ತಾಲ್ಲೂಕು ಅಷ್ಟರಲ್ಲೇ ಮುಗಿಯುತ್ತಿತ್ತು.

"ಯಾಕ್ರಿ, ನಾ ಕಳ್ಳಿ ಕಂಡಂಗ ಕಾಣ್ತೇನೇನು?" ಆಕೆಯ ಮೂಗಿನ ತುದಿ ಕೆಂಪಾಯಿತು.

"ಛೇ, ನಿಮ್ಮ ಮಾತಲ್ರಿ. ಪಾಸ್‌ವರ್ಡ್ ನಾ ಯಾರಿಗೂ ಹೇಳಂಗಿಲ್ಲ. ನಮ್ಮವ್ವಗೂ ಹೇಳಿಲ್ಲ."

ಹೆಸರು ವಿಜಯಮಹಾಂತೇಶ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೇಲ್ವಿಚಾರಕ. ಬ್ಯಾಡಗಿ ಕಡೆಯ ಬೀಜದ ಪ್ಲಾಟುಗಳನ್ನು ನೋಡಲು ಬಂದವನು ಒಂದು ಅರ್ಜಿ ಪ್ರಿಂಟ್ ತೆಗೆಸಲು ಒಳಗೆ ಬಂದಿದ್ದ. ಆಕೆ ಸಿಟ್ಟಿನಿಂದಲೇ ಮುಖ ತಿರುಗಿಸಿದಳು. ಓರೆಗಣ್ಣು ಮಾತ್ರ ತಿರುಗಲಿಲ್ಲ. ಅವನು ಎರಡು ಬೆರಳಲ್ಲಿ ಏನೋ ಒತ್ತಿದ. ಕಪ್ಪು ಬಣ್ಣದ ಹೊಸ ಕಿಟಕಿ ತೆರೆಯಿತು. ಕೆಲಸ ಮುಗಿಸಿ ಲಾಗೌಟ್ ಮಾಡಿ, ಕಿಟಕಿಯನ್ನೂ ಮುಚ್ಚಿಬಿಟ್ಟ.

"ಅದೇನ್ರಿ ಅದು, ಕರೀದು?"

"ಪ್ರೈವೇಟ್ ವಿಂಡೋ. ನಮ್ಮ ಕಂಪನಿ ಬಲಿ ಹೊದಿಸಿದ ನೆಟ್‌ಹೌಸಿನ್ಯಾಗ ಕ್ರಾಸಿಂಗ್ ಮಾಡಿದ ಹೂವಿಗೆ ಸಣ್ಣ ಕವರ್ ಹಾಕ್ತೀವಿ, ಬ್ಯಾರೆ ಹೂವಿನ ಪರಾಗ ತಾಗಬಾರ್ದು ಅಂತ. ಇದೂ ಹಂಗ. ಮುಚ್ಚಿದ ಮ್ಯಾಲೆ ನಂದು ಇಲ್ಲಿ ಏನೂ ಉಳಿಯಂಗಿಲ್ಲ." ನಂತರ ಪರದೆಯ ಮೇಲ್ತುದಿ ತೋರಿಸಿ ನಕ್ಕ. "ನಲವತ್ತು ಟ್ಯಾಬ್ ತಗದಿಟ್ಟೀರಿ. ಪಾಪ, ಮಿಷನ್ ಏದುಸಿರು ಬಿಡಾಕತ್ತೈತಿ! ಊರ ಮಂದಿ ಪಾಸ್‌ವರ್ಡೂ ಇದರಾಗ ಉಳದಾವು. ಒಬ್ಬರ ಕೆಲಸ ಮುಗಿಸಿದ ಕೂಡ್ಲೇ ಮುಚ್ಚಿಬಿಡ್ರಿ."

"ನನ್ನ ಅಂಗಡಿ ನನಗ ಗೊತ್ತೈತಿ!"

ಗೊತ್ತಿತ್ತೋ ಇಲ್ಲವೋ, ಅವನು ಮಾತ್ರ ಪ್ಲಾಟು ನೋಡಲು ಬರುವ ಪ್ರತಿ ಮಂಗಳವಾರ ಮತ್ತೆ ಬಂದ. ಒಂದು ಹಾಳೆ ಪ್ರಿಂಟಿಗೆ ಒಮ್ಮೆ, ಜೆರಾಕ್ಸಿಗೆ ಇನ್ನೊಮ್ಮೆ. ರಾಣೆಬೆನ್ನೂರಿನಲ್ಲಿ ಜೆರಾಕ್ಸ್ ಅಂಗಡಿಗಳೇ ಇಲ್ಲವೇನೋ ಎಂಬಂತೆ! ಬಂದಾಗಲೆಲ್ಲ ಅದೇ ಮಾತು, "ಮಾರಿ ಆ ಕಡೆ ಮಾಡ್ರಿ." ಬರಬರುತ್ತ ಅವನು ಹೇಳುವ ಮೊದಲೇ ಆಕೆ ತಿರುಗತೊಡಗಿದಳು. ತಿರುಗಿ ಗೋಡೆಗೆ ನಗುತ್ತಿದ್ದಳು.

'ಏನಾಗೈತಿ ನನಗ? ಮಂಗಳವಾರ ಬಂದ್ರ ಸಾಕು, ಬಾಗಿಲಾ ನೋಡ್ತೇನಲ್ಲ…'

ಅಂಥದೊಂದು ಮಂಗಳವಾರ ಮಧ್ಯಾಹ್ನ ಅವನು ಪ್ರಿಂಟಿಗಾಗಿ ಕಾಯುತ್ತಿದ್ದಾಗ, ಕದರಮಂಡಲಗಿಯ ಉಚ್ಚಂಗೆವ್ವ ಮಗಳು ರೋಹಿಣಿಯ ಕೈ ಹಿಡಿದು ಎಳೆದುಕೊಂಡೇ ಬಂದಳು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಏನ್ ಮಾಡಿಟ್ಟಿ ಸುಧಾ? ನಿನ್ನೆ ನಿನ್ನ ಕಡೆನ ನರ್ಸಿಂಗ್ ಕಾಲೇಜಿನ ಪಟ್ಟಿ ಹಾಕಿಸಿದ್ವಿ. ಮೊದಲನೇದು ಹಾವೇರಿ ಅಂತ ಹೇಳಿದ್ವಿಲ್ಲೋ? ಈಗ ಮೊಬೈಲ್‌ನ್ಯಾಗ ನೋಡಿದ್ರ ಹಾವೇರಿನ ಇಲ್ಲ! ಪಟ್ಟಿ ಬದಲಿಸೂದು ಇವತ್ತ ನಾಕಕ್ಕ ಮುಗೀತೈತಂತ. ನನ್ನ ಮಗಳ ಸೀಟು ಹೋತಂದ್ರ…"

ಸುಧಾರಾಣಿ ತಟ್ಟನೆ ತಲೆಯೆತ್ತಿದಳು. ಗಡಿಯಾರದಲ್ಲಿ ಮೂರು ಗಂಟೆ. ಅಂಗಡಿ ತುಂಬ ಜನ. ಎಲ್ಲರ ಕಣ್ಣೂ ಆಕೆಯ ಮೇಲೆ.

ಯಾರು ಬದಲಿಸಿದರು? ನಿನ್ನೆ, ಎಂದೂ ಬಾರದ ಸೋಮವಾರ ಸಂಜೆ ಬಂದು, ಆಕೆ ಚಹಾಕ್ಕೆ ಹೋದಾಗ, ಆ ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದವನು…

"ಪಾಸ್‌ವರ್ಡ್ ಇದರಾಗ ಉಳದಾವು ಅಂತ ಗೊತ್ತಿದ್ದದ್ದು ನಿಮಗೊಬ್ರಿಗೆ!" ಆಕೆ ವಿಜಯಮಹಾಂತೇಶನ ಕಡೆ ಬೆರಳು ತೋರಿಸಿದಳು. "ನಿಮ್ಮದು ಮುಚ್ಚಿಟ್ಕೊಂಡು ಬ್ಯಾರೆಯವ್ರದು ತಗದು ನೋಡಿದ್ರೇನು?"

ಅವನ ಮುಖ ಬಿಳಿಚಿತು. ಕೂಗಾಡಲಿಲ್ಲ. ಪ್ರಿಂಟನ್ನೂ ಕೇಳಲಿಲ್ಲ.

"ಕಂಟ್ರೋಲ್ ಒತ್ತಿ ಎಚ್ ಒತ್ರಿ. ನಿನ್ನೆ ಏನೇನ್ ತಗದೀರಿ ಎಲ್ಲಾ ಟೈಮ್ ಸಹಿತ ಬರತೈತಿ. ನನ್ನ ಮಾತು ನಂಬಬ್ಯಾಡ್ರಿ, ಅದನ್ನರ ನೋಡ್ರಿ."

ಅಷ್ಟು ಹೇಳಿ ಹೊರಟೇಹೋದ. ಆಕೆ ಕೀಬೋರ್ಡ್ ಹತ್ತಿರ ಎಳೆದುಕೊಂಡಳು. ಅಳಲು ಸಮಯವೆಲ್ಲಿ?

ಕಂಟ್ರೋಲ್. ಎಚ್.

ನಿನ್ನೆಯ ಪುಟಗಳು ಸಾಲಾಗಿ ಬಂದವು. ಬೆಳಿಗ್ಗೆ ಹನ್ನೊಂದೂವರೆ, ರೋಹಿಣಿಯ ಲಾಗಿನ್. ಹನ್ನೊಂದೂ ಮುಕ್ಕಾಲಿಗೆ ಪಟ್ಟಿ ಉಳಿಸಿದ ಪುಟ. ಹನ್ನೆರಡಕ್ಕೆ… ಮತ್ತೆ ಪಟ್ಟಿ ಉಳಿಸಿದ ಪುಟ! ನಡುವೆ ಲಾಗೌಟ್ ಇಲ್ಲ, ಬೇರೆ ಲಾಗಿನ್ನೂ ಇಲ್ಲ.

ಹನ್ನೆರಡಕ್ಕೆ ಈ ಕುರ್ಚಿಯಲ್ಲಿ ಯಾರಿದ್ದರು? ಬೇರೆ ಯಾರೂ ಅಲ್ಲ, ಆಕೆಯೇ. ಪಕ್ಕದಲ್ಲಿ ರೋಹಿಣಿಯ ಊರಿನವಳೇ, ನರ್ಸಿಂಗಿಗೇ ಅರ್ಜಿ ಹಾಕಿದ್ದ ಶಿಲ್ಪಾ. "ಅಕ್ಕಾ, ಗದಗ ಮೊದಲ ಹಾಕು, ನಮ್ಮ ಅತ್ತಿ ಮನಿ ಐತಿ ಅಲ್ಲಿ," ಎಂದಿದ್ದಳು.

"ರೋಹಿಣಿ, ಈಗ ನಿನ್ನ ಪಟ್ಟಿಯೊಳಗ ಮೊದಲನೇದು ಏನೈತಿ?"

"ಗದಗ, ಅಕ್ಕಾ…"

ಗದ್ದಲದಲ್ಲಿ ಹೆಸರು ನೋಡದೆ, ತೆರೆದೇ ಇದ್ದ ರೋಹಿಣಿಯ ಖಾತೆಗೆ ಶಿಲ್ಪಾಳ ಪಟ್ಟಿ ತುಂಬಿಬಿಟ್ಟಿದ್ದಳು ಸುಧಾರಾಣಿ! ಅಂದರೆ ಶಿಲ್ಪಾಳ ಖಾತೆ ಇನ್ನೂ ಖಾಲಿ. ಒಂದಲ್ಲ, ಎರಡು ಹುಡುಗಿಯರ ಭವಿಷ್ಯ! ಅವನು ಬಂದು ಕೂತದ್ದು ಸಂಜೆ ಐದಕ್ಕೆ. ಅವನನ್ನೇ…

'ಆಮ್ಯಾಲೆ ಅಳು ಸುಧಾ. ಮೊದಲ ಕೈ ನಡಸು!'

ಪುಟ ಗಿರಗಿರ ತಿರುಗುತ್ತಿತ್ತು, ತೆರೆಯುತ್ತಿರಲಿಲ್ಲ. ನಲವತ್ತು ಟ್ಯಾಬ್! ಏದುಸಿರಿನ ಮಾತು ನೆನಪಾಯಿತು. ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ಮುಚ್ಚಿದಳು. ಕಪ್ಪು ಕಿಟಕಿ ತೆರೆದಳು. ಪುಟ ತಟ್ಟನೆ ಬಂತು.

"ರೋಹಿಣಿ, ಬಾ ಇಲ್ಲಿ ಕುಂದ್ರು. ಪಾಸ್‌ವರ್ಡ್ ನೀನ ಹೊಡಿ." ಸುಧಾರಾಣಿ ಮುಖ ಆ ಕಡೆ ತಿರುಗಿಸಿದಳು. "ಹೆಸರು ಯಾರದು ಐತಿ, ಜೋರಾಗಿ ಓದು."

"ರೋಹಿಣಿ…"

ಹಾವೇರಿ ಮೊದಲು. ಉಳಿಸು. ಪ್ರಿಂಟ್. ಲಾಗೌಟ್. ಮೂರೂ ಇಪ್ಪತ್ತು.

ಫೋನ್ ಮಾಡಿದ ಕೂಡಲೇ ಶಿಲ್ಪಾ ಅಪ್ಪನ ಬೈಕ್ ಹತ್ತಿದಳು. ಹುಡುಗಿ ಓಡಿ ಬಂದು ಕೂತಾಗ ಮೂರೂ ನಲವತ್ತು. ಮತ್ತೆ ಹೊಸ ಕಿಟಕಿ, ಮತ್ತೆ ಹೆಸರು ಜೋರಾಗಿ. ಗದಗ ಮೊದಲು. ಉಳಿಸು…

ಮೂರೂ ಐವತ್ತೆರಡು. ಪ್ರಿಂಟರ್ ಗರ್ ಎಂದಿತು. ಹಾಳೆಯ ಮೇಲೆ ಶಿಲ್ಪಾಳ ಹೆಸರು!

ಉಚ್ಚಂಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಗೆದ್ದಿ ಬಿಡವ್ವಾ!" ಎಂದಳು. ಹುಡುಗಿಯರಿಬ್ಬರೂ ಸುಧಾರಾಣಿಯ ಕೊರಳಿಗೆ ಬಿದ್ದರು. ಅವರನ್ನು ಬಿಡಿಸಿಕೊಂಡು ಆಕೆ ಎಲ್ಲರ ಎದುರು ನಿಂತಳು.

"ತಪ್ಪು ನಂದ. ಆ ಮನಿಶಾಂದು ಏನೂ ತಪ್ಪಿಲ್ಲ. ನಾಳಿಂದ ನನಗ ಯಾರೂ ಪಾಸ್‌ವರ್ಡ್ ಹೇಳಬ್ಯಾಡ್ರಿ. ಇದರಾಗ ಉಳದದ್ದೆಲ್ಲಾ ಈಗ ಅಳಸ್ತೇನಿ. ಹೊಸಾದು ನೀವ ಇಟ್ಕೋರಿ, ಒಬ್ಬೊಬ್ರದು ಒಂದೊಂದು ಥರ ಇರ್ಲಿ."

"ಮರತ್ರ?" ಯಾರೋ ಕೇಳಿದರು.

"ಮರತ್ರ ಹೊಸಾದು ಮಾಡೂದು ಕಲಸ್ತೇನಿ. ಆದ್ರ ಕೇಳಂಗಿಲ್ಲ!"

ಅಂಗಡಿ ನಕ್ಕಿತು. ಸುಧಾರಾಣಿ ಅಳಿಸುವುದನ್ನೆಲ್ಲ ಅಳಿಸಿ, ಬಾಗಿಲು ಹಾಕಿ, ಅವನು ಬಿಟ್ಟುಹೋದ, ಕಂಪನಿಯ ವಿಳಾಸವಿದ್ದ ಪ್ರಿಂಟ್ ಕೈಯಲ್ಲಿ ಹಿಡಿದು ರಾಣೆಬೆನ್ನೂರಿನ ಬಸ್ ಹತ್ತಿದಳು.

ಕಂಪನಿಯ ನೆಟ್‌ಹೌಸಿನಲ್ಲಿ ಹೆಣ್ಣುಮಕ್ಕಳು ಕೆಲಸ ಮುಗಿಸಿ ಹೊರಡುತ್ತಿದ್ದರು. ಅವನು ಸಾಲಿನ ಕೊನೆಯಲ್ಲಿ ಬಗ್ಗಿ, ಒಂದು ಹೂವಿನ ಕವರ್ ಸರಿಮಾಡುತ್ತಿದ್ದ. ಆಕೆಯನ್ನು ಕಂಡು ಎದ್ದು ನಿಂತ.

"ಹಿಸ್ಟರಿ ನೋಡಿದೆ," ಎಂದಳು. "ನಾನ ಮಾಡಿದ್ದು. ಎಲ್ಲಾರ ಮುಂದ ನಿಮ್ಮನ್ನ ಅಂದೆ, ಎಲ್ಲಾರ ಮುಂದನ ತಪ್ಪು ನಂದು ಅಂತ ಹೇಳಿ ಬಂದೇನಿ. ಇಬ್ರೂ ಹುಡುಗ್ಯಾರದು ಸರಿ ಆತು."

"ನಾಕರ ಒಳಗ?"

"ಎಂಟು ನಿಮಿಷ ಮೊದಲ!"

ಅವನ ಮುಖ ಅರಳಿತು. "ಭಾರಿ ಗಟ್ಟಿಗಿತ್ತಿ ಅದೀರಿ! ಖರೇ ಹೇಳ್ಬೇಕಂದ್ರ ನನಗ ಭಾಳ ನೋವಾಗಿತ್ತು. ಆದ್ರ ನೀವು ತಗದು ನೋಡೇ ನೋಡ್ತೀರಿ ಅಂತ ಗೊತ್ತಿತ್ತು."

ಆಕೆ ಪ್ರಿಂಟ್ ಕೊಟ್ಟಳು. ಹೋಗಬೇಕಿತ್ತು. ಕಾಲು ಏಳಲಿಲ್ಲ.

"ಇನ್ನೊಂದು ಹೇಳೂದೈತಿ… ನೀವು ಸ್ವಲ್ಪ ಮಾರಿ ಆ ಕಡೆ ಮಾಡ್ರಿ."

"ಯಾಕ್ರಿ, ಪಾಸ್‌ವರ್ಡ್ ಹೊಡಿತೀರೇನು?"

"ಮಾಡ್ರಿ ಅಂದ್ರ ಮಾಡ್ರಿ!"

ಅವನು ತಿರುಗಿ ನಿಂತ. ಆ ಬೆನ್ನನ್ನು ನೋಡುತ್ತ ಆಕೆ ಉಸಿರು ಎಳೆದುಕೊಂಡಳು.

"ಮಂಗಳವಾರ ಅಷ್ಟ ಅಲ್ಲ… ದಿನಾ ಬರ್ರಿ. ಪ್ರಿಂಟ್ ಇಲ್ಲದಿದ್ರೂ ಬರ್ರಿ. ನೀವಂದ್ರ ನನಗ… ನೀವಂದ್ರ ಭಾಳ ಇಷ್ಟ."

ಅವನ ಎರಡೂ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಂಡಿತು.

"ಸುಧಾ…" ಅಂಗಡಿಯ ಬೋರ್ಡಿನ ಮೇಲಿದ್ದ ಆ ಹೆಸರನ್ನು ಅವನು ಕರೆದದ್ದು ಅದೇ ಮೊದಲು. "ಆ ಎಲ್ಲಾ ಜೆರಾಕ್ಸು ನನ್ನ ಚೀಲದಾಗ ಹಂಗ ಅದಾವು. ಒಂದೂ ಯಾರಿಗೂ ಬೇಕಾಗಿದ್ದಿಲ್ಲ."

ಆಕೆಯ ಕಣ್ಣುಗಳು ತುಂಬಿ ಬಂದವು. ನಗುವೂ ಬಂತು.

"ಈಗ ಹೊಳ್ಳಿ ನೋಡ್ಲೇನು?"

"ತಡ್ರಿ… ಕಣ್ಣ ಒರಸ್ಕೋತೇನಿ."

"ಒರಸ್ಕೊಂಡ್ರೇನು?"

"ಹೂಂ… ಈಗ ನೋಡ್ರಿ."