ಒಂದು ಹನಿಯೂ ಬೀಳದ ತಗಡು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 7.50ಕ್ಕೆ ವಾಡಿ ಠಾಣೆಗೆ ಕರೆ ಬಂತು. ಊರ ಹೊರಗಿನ ತಿರುವಿನಲ್ಲಿ ಹಳೆಯ ಮೋಟಾರ್ ಸೈಕಲ್ ಜಾರಿ ಬಿದ್ದು, ಸವಾರರು ಸ್ಥಳದಲ್ಲೇ ತೀರಿಕೊಂಡಿದ್ದರು. ಅವರು ಚಿತ್ತಾಪುರದ ನಿವೃತ್ತ ಪೋಸ್ಟ್‌ಮ್ಯಾನ್ ಕಾಶೀನಾಥ, ಅರವತ್ತಮೂರು ವರ್ಷ. ಗಾಡಿ ಅವರ ತಂದೆಯ ಕಾಲದ್ದು.

11.30ಕ್ಕೆ ಅವರ ಹೆಂಡತಿ ಬಸವೇಶ್ವರಿ ಠಾಣೆಗೆ ಬಂದರು.

"ಮಂದಿ ಕುಡದಿದ್ದ ಅನ್ನಾಕತ್ತಾರ್ರಿ ಸಾಹೇಬ್ರ. ಕೊರಳಾಗ ಲಿಂಗ ಕಟ್ಟಿದ ಮನಷ್ಯಾ. ಗಾಡ್ಯಾಗ ಏನೋ ಆಗ್ಯಾದ. ಬರಕೊಳ್ರಿ."

ಇನ್ಸ್‌ಪೆಕ್ಟರ್ ಅರುಣಕುಮಾರ ಎಫ್‌ಐಆರ್ ದಾಖಲಿಸಿ ಸ್ಥಳ ಪಂಚನಾಮೆ ಮಾಡಿದರು. ಹಿಂದಿನ ಟೈರು ಎಂಜಿನ್ ಎಣ್ಣೆಯಲ್ಲಿ ತೊಯ್ದಿತ್ತು.

"ಹಳೀ ಗಾಡಿ ಸೋರೂದೇ ಸರ್," ಎಂದ ಹೆಡ್ ಕಾನ್‌ಸ್ಟೇಬಲ್ ಅಂಬರಾಯ. "ಸೋರಲಿಲ್ಲಂದ್ರ ಒಳಗ ಎಣ್ಣೀನೇ ಇಲ್ಲಂತ ತಿಳೀಬೇಕು."

ಗಾಡಿಯನ್ನು ಮೊದಲು ಬಂದು ಎತ್ತಿ ನಿಲ್ಲಿಸಿದವನು ಹತ್ತಿರದ ಮೆಕ್ಯಾನಿಕ್ ಅಂಬರೇಶ ಎಂದು ಪಂಚರು ಹೇಳಿದರು. ಅದನ್ನೂ ಬರೆದುಕೊಂಡರು.

ಮಂಗಳವಾರ ಬೆಳಿಗ್ಗೆ 10ಕ್ಕೆ ಅರುಣಕುಮಾರ, ಅಂಬರಾಯ ಇಬ್ಬರೂ ಚಿತ್ತಾಪುರದ ಕಾಶೀನಾಥರ ಮನೆಗೆ ಹೋದರು. ಅಂಗಳದ ಫರಸಿ ಕಲ್ಲುಗಳ ಮೇಲೆ ವರ್ಷಗಳ ಕಪ್ಪು ಕಲೆಗಳಿದ್ದವು. ಗಾಡಿ ನಿಲ್ಲುವಲ್ಲಿ ಎಣ್ಣೆ ಹಿಡಿಯಲು ಇಟ್ಟ ತಗಡು ಮಾತ್ರ ಒಣಗಿ ಧೂಳು ಹಿಡಿದಿತ್ತು.

"ಹನ್ನೆರಡ ದಿನದಿಂದ ಒಂದ್ ಹನಿ ಬಿದ್ದಿಲ್ರಿ," ಎಂದರು ಬಸವೇಶ್ವರಿ. "ಅಂಬರೇಶ ರಿಪೇರಿ ಮಾಡಿದ್ದ. ಊರಾಗಷ್ಟ ಓಡಿಸ್ತಿದ್ರು. ದೂರ ಹೊಂಟಿದ್ದು ನಿನ್ನೀನೇ. ಕಲ್ಲೆಲ್ಲ ಕರ್ರಗ ಮಾಡ್ತೀರಿ ಅಂತ ನಾನೇ ದಿನಾ ಒದರತಿದ್ನಿ..."

ಸೋರಿಕೆ ನಿಂತ ಗಾಡಿಯ ಟೈರಿಗೆ ಅಷ್ಟು ಎಣ್ಣೆ ಎಲ್ಲಿಂದ ಬಂತು? ಠಾಣೆಗೆ ಮರಳಿ ಅರುಣಕುಮಾರ ಅಲ್ಲಿ ತಂದಿಟ್ಟಿದ್ದ ಗಾಡಿಯ ಎಂಜಿನ್ನಿನ ಕೆಳಗೆಲ್ಲ ಬೆರಳಾಡಿಸಿದರು. ಅಲ್ಲಿ ಜೋತಾಡುತ್ತಿದ್ದ ರಬ್ಬರ್ ನಳಿಕೆಯ ಬಾಯೊಳಗೆ ಬೋಲ್ಟಿನ ಸುರುಳಿ ಗೆರೆಗಳ ಹೊಸ ಗುರುತುಗಳಿದ್ದವು. ಅದರೊಳಗೆ ಯಾರೋ ಬೋಲ್ಟ್ ತುರುಕಿದ್ದರು, ಆಮೇಲೆ ಕಿತ್ತಿದ್ದರು.

ಮಧ್ಯಾಹ್ನ 12.15. ಶಹಾಬಾದಿನಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಮಜೀದಸಾಬರು ಅರುಣಕುಮಾರ ಕಳಚಿ ತಂದ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂಜಿನ್ ಉಸಿರಾಡೂ ನಳಿಗಿ ಇದು. ಒಳಗಿನ ರಬ್ಬರ್ ಹರದ್ರ ಎಣ್ಣಿ ತೊಟ್ಟಿಕ್ಕತದ. ಇದಕ್ಕ ಬೋಲ್ಟ್ ಹೊಡದ್ರ, ಮನಷಾನ ಮೂಗು ಬಾಯಿ ಮುಚ್ಚಿ ಓಡು ಅಂದಂಗ. ದೂರ ಹೋಗಿ ಎಂಜಿನ್ ಕಾದಮ್ಯಾಲ ಎಲ್ಲೋ ಒಂದ್ ಕಡಿ ಒಡಕೊಂಡು ಎಣ್ಣಿ ಚಕ್ರಕ್ಕ ಸಿಡೀತದ."

"ಅಂಬರೇಶ ಆ ರಬ್ಬರ್ ಕೇಳಿದ್ದನೇನು?"

"ಕೇಳಿದ್ದ. ಹೈದರಾಬಾದ್‌ನಿಂದ ಬರಬೇಕು, ತಿಂಗಳು ತಡಿ ಅಂದಿದ್ದೆ."

"ಒಂದಾ?"

"ಇಲ್ರಿ. ಎರಡ ಗಾಡಿಗೆ ಎರಡ."

ಅರುಣಕುಮಾರ ಕುಳಿತಲ್ಲಿಂದ ಎದ್ದುಬಿಟ್ಟರು.

1.05ಕ್ಕೆ ವಾಡಿಯ ಗ್ಯಾರೇಜು ತಲುಪಿದರು. ಅಂಬರೇಶ ಐವತ್ತೆಂಟರವ. ಜೀಪು ಕಂಡೊಡನೆ ಅವನ ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು.

"ಬೋಲ್ಟ್ ಹೊಡದ ಎರಡನೇ ಗಾಡಿ ಯಾರದು?"

ಅಂಬರೇಶ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ.

"ಅಂಬರೇಶ, ಅವ ಈಗ ಎಲ್ಲಿ ಅದಾನ?"

"ಚಿಂಚೋಳಿ ಮಡಿವಾಳಯ್ಯ ಮುತ್ಯಾ," ಎಂದ. "ಇವತ್ತ ಮಧ್ಯಾನ ಸೇಡಂಗೆ ಬರ್ತಾರ. ಮೊಮ್ಮಗಳನ್ನ ಹಿಂದ ಕುಂದ್ರಿಸ್ಕೊಂಡು."

ಹೆಡ್ ಕಾನ್‌ಸ್ಟೇಬಲ್ ಅಂಬರಾಯ ಮುದುಕರ ಮೊಬೈಲಿಗೆ ಕರೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. 1.09ಕ್ಕೆ ಸೇಡಂ ಠಾಣೆಗೆ ವೈರ್‌ಲೆಸ್ ಸಂದೇಶ ಹೋಯಿತು. ಅಂಬರಾಯನ ತುಟಿಗಳು ಶಿವನಾಮ ನುಡಿಯುತ್ತಿದ್ದವು. ಅಂಬರೇಶ ಗೋಡೆಗೆ ಹಣೆ ಒತ್ತಿ ನಿಂತಿದ್ದ.

1.31ಕ್ಕೆ ಉತ್ತರ ಬಂತು. ಸೇಡಂ ಹೊರವಲಯದಲ್ಲಿ ಗಾಡಿ ತಡೆದಿದ್ದರು. ಹಿಂದಿನ ಚಕ್ರದ ಅಂಚು ಆಗಲೇ ಹಸಿಯಾಗಿತ್ತು. ಅಜ್ಜ, ಮೊಮ್ಮಗಳು ಇಬ್ಬರೂ ಕ್ಷೇಮ.

ಅರುಣಕುಮಾರ ಅಲ್ಲೇ ಟೈರೊಂದರ ಮೇಲೆ ಕುಳಿತರು.

ಸೋಮವಾರ ಕಾಶೀನಾಥರ ಗಾಡಿ ಎತ್ತುವಾಗ ಕಿತ್ತಿಟ್ಟುಕೊಂಡಿದ್ದ ಎಣ್ಣೆ ಮೆತ್ತಿದ ಬೋಲ್ಟನ್ನು ಅಂಬರೇಶ ತಂಬಾಕಿನ ಡಬ್ಬಿಯಿಂದ ತೆಗೆದುಕೊಟ್ಟ. ಪಂಚರ ಸಮಕ್ಷಮ ಜಪ್ತಿ ಆಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ಮರೆಮಾಚಿದ್ದು ಎಂಬ ಆರೋಪದ ಮೇಲೆ 2.30ಕ್ಕೆ ಅವನನ್ನು ಬಂಧಿಸಿದರು.

ಅವನ ಮೊಬೈಲಿನಲ್ಲಿ ಸೋಮವಾರ ಬೆಳಗಿನಿಂದ ಮಡಿವಾಳಯ್ಯನವರ ನಂಬರಿಗೆ ಒಂಬತ್ತು ಕರೆಗಳಿದ್ದವು. ಒಂದೂ ಮುಟ್ಟಿರಲಿಲ್ಲ.

"ರಿಂಗ್ ಆಗೂದ್ರಾಗ ನಾನೇ ಕಟ್ ಮಾಡ್ತಿದ್ನಿ ಸಾಹೇಬ್ರ. ಹೇಳಿದ್ರ, ಕಾಶೀನಾಥಣ್ಣನ್ನ ನಾನೇ ಕೊಂದೆ ಅಂತ ಒಪ್ಪಿಕೊಂಡಂಗ."

"ಬೋಲ್ಟ್ ಯಾಕ ಹೊಡದಿ?"

"ನನ್ನ ಕೈಯಾಗ ಆಗೂದಿಲ್ಲ ಅಂತ ನಾ ಯಾರಿಗೂ ಅಂದವ ಅಲ್ರಿ. ರಬ್ಬರ್ ಬರೂತನಕ ನಡೀತದ ಅಂದ್ಕೊಂಡೆ."

ಬುಧವಾರ ಅರುಣಕುಮಾರ ಚಿತ್ತಾಪುರಕ್ಕೆ ಹೋದರು. "ಅಮ್ಮಾರೇ, ಅವರು ಕುಡಿದಿರಲಿಲ್ಲ. ದೋಷಾರೋಪಪಟ್ಟಿಯೊಳಗೂ ಹಂಗೇ ಬರೀತೀನಿ," ಎಂದರು.

ಬಸವೇಶ್ವರಿ ತಲೆಯಾಡಿಸಿದರು. ಸೆರಗಿನಿಂದ ತಗಡಿನ ಧೂಳು ಒರೆಸಿ, ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು.

"ಶಿವನೇ, ಅವರನ್ನ ನಿನ್ನ ಅಂಗಳದಾಗ ಕುಂದ್ರಿಸಿಕೋ. ಕಲ್ಲಮ್ಯಾಲ ಎಣ್ಣಿ ಹನಿ ಬಿದ್ರ ಬೈಬ್ಯಾಡ. ಬೈಯೂದೆಲ್ಲ ನಾನೇ ಬೈದು ಮುಗಿಸೀನಿ. ಅವರ ಜೀವಕ್ಕ ಶಾಂತಿ ಕೊಡು, ತಂದೆ."