ಜೇಬಿದ್ದ ಕೌದಿ

“ಇದಲ್ಲ.”

ತನುಜಾ ಇನ್ನೊಂದು ಕೌದಿಯನ್ನು ಬಿಚ್ಚಿ ನೋಡಿ, ಒಪ್ಪವಾಗಿ ಮಡಚಿ ಪಕ್ಕಕ್ಕಿಟ್ಟಳು. ಕಡೂರಿನ ಆ ಹಳೇ ಸಾಮಾನಿನ ಅಂಗಡಿಯಲ್ಲಿ ಕೆತ್ತನೆಯ ಬಾಗಿಲು, ತೂಗುಮಣೆ, ಹಿತ್ತಾಳೆ ಹಂಡೆಗಳ ನಡುವೆ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿತ್ತು.

ಅಂಗಡಿಯ ಯಜಮಾನ ಓಂಕಾರೇಶ್ ಕೈಕಟ್ಟಿ ನಿಂತಿದ್ದ. “ಗೋಡೆಗೆ ಹಾಕೋಕಾದ್ರೆ ಆ ನೀಲಿದು ಚೆನ್ನಾಗಿ ಕಾಣುತ್ತೆ ಮೇಡಂ. ಕೆಮ್ಮಣ್ಣುಗುಂಡಿ ಕಡೆ ಹೋಮ್‌ಸ್ಟೇನೋರೆಲ್ಲ ಇಂಥದ್ನೇ ಕೇಳ್ತಾರೆ. ಫ್ರೇಮ್ ಹಾಕಿಸ್ಕೊಡ್ಲಾ?”

“ಕೌದೀನ ಗೋಡೆಗೆ ಹಾಕ್ತಾರೇನ್ರೀ? ನಂಗೆ ಹೊದ್ಕೊಳ್ಳೋಕೆ ಬೇಕು.”

“ಹೊದ್ಕೊಳ್ಳೋಕಾದ್ರೆ ಯಾವ್ದಾದ್ರೇನು?”

ಅವಳ ಕೈ ನಿಂತಿತು. ತಲೆಯೆತ್ತಿ ಅವನನ್ನು ನೋಡಿದಳು. ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯಾಚೆ ನೋಡುವ ಪ್ರಯಾಣಿಕರಿಗೆಂದೇ ಇಟ್ಟುಕೊಂಡ ನೋಟ ಅದು. ತನುಜಾ ಬಸ್ ಕಂಡಕ್ಟರ್.

“ನಮ್ಮಮ್ಮ ಹೊಲಿದದ್ದು. ಅದೊಂದೇ ಬೇಕು.”

ಅಮ್ಮ ಅದನ್ನು ಹೊಲಿದದ್ದು ಮಗಳ ಮದುವೆಗೆ. ಅಜ್ಜಂಪುರದ ಆ ಮನೆಯಲ್ಲಿ, ಮಾತುಮಾತಿಗೆ ಕೈಯೆತ್ತುವ ಗಂಡನನ್ನು ಬಿಟ್ಟು ತನುಜಾ ಒಂದು ಬೆಳಿಗ್ಗೆ ಒಂದೇ ಬ್ಯಾಗು ಹಿಡಿದು ಹೊರಟಿದ್ದಳು. ಕೌದಿ ಅಲ್ಲೇ ಉಳಿಯಿತು. ಅಮ್ಮ ತೀರಿಕೊಂಡ ಮೇಲೆ ಯಾರ ಕೈಲೋ ಕೇಳಿಸಿದರೆ, ಹಳೇ ಮನೆ ಕೆಡವಿದಾಗ ಎಲ್ಲ ವ್ಯಾಪಾರಿಗಳಿಗೆ ಕೊಟ್ಟೆವು ಎಂಬ ಉತ್ತರ ಬಂತು. ಅಂದಿನಿಂದ ಅವಳ ರಜೆಗಳೆಲ್ಲ ಹಳೇ ಸಾಮಾನಿನ ಅಂಗಡಿಗಳಿಗೇ ಮೀಸಲು.

ಅಷ್ಟನ್ನೂ ಅವಳು ಚುಟುಕಾಗಿ ಹೇಳಿ ಮುಗಿಸುವಷ್ಟರಲ್ಲಿ ಓಂಕಾರೇಶನ ಕಿವಿ ಕೆಂಪಾಯಿತು. “ತಪ್ಪು ತಿಳ್ಕೊಂಡೆ, ಕ್ಷಮಿಸಿ. ತರೀಕೆರೇಲಿ ಕಾಂತರಾಜ್ ಅಂತ ಇದಾರೆ, ಅಜ್ಜಂಪುರದ ಕಡೆ ಮಾಲೆಲ್ಲ ಅವ್ರೇ ಎತ್ತೋದು. ನಾಳೆ ನಮ್ಮ ವ್ಯಾನು ಆ ಕಡೆ ಹೋಗುತ್ತೆ. ಬರೋದಾದ್ರೆ…”

“ಬತ್ತೀನಿ,” ಎಂದಳು, ಅವನ ಮಾತು ಮುಗಿಯುವ ಮೊದಲೇ.

ಮರುದಿನ ವ್ಯಾನು ಬೀರೂರು ದಾಟಿತು. ಆಮೇಲೆ ತನುಜಾ ಕಿಟಕಿಯಾಚೆಯ ತೆಂಗಿನ ತೋಟಗಳನ್ನೇ ನೋಡುತ್ತ, “ಕನ್ನಡೀಲಿ ನನ್ನನ್ನ ನೋಡಿದ್ದು ಸಾಕು. ರಸ್ತೆ ನೋಡಿ,” ಎಂದಳು.

“ಹಿಂದೆ ಲಾರಿ ಬರ್ತಿತ್ತು ಕಣ್ರೀ.”

“ಲಾರಿ ನೋಡಿ ಯಾರಾದ್ರೂ ನಗ್ತಾರಾ?”

ಅವನು ಗೇರ್ ಬದಲಿಸಿದ. ಅವಳು ಮುಖ ತಿರುಗಿಸಿಕೊಂಡಳು. ತುಟಿಯ ಅಂಚು ಮಾತ್ರ ಹೇಳಿದ ಮಾತು ಕೇಳಲಿಲ್ಲ.

ತರೀಕೆರೆಯ ಗೋಡೌನಿನಲ್ಲಿ ಕಾಂತರಾಜ್ ಗಂಟು ಬಿಚ್ಚಿ ಬಿಚ್ಚಿ ಹಾಕಿದರು. ಕೆಂಪು, ಹಸಿರು, ಇಳಕಲ್ ಸೀರೆಯ ಸೆರಗು, ಅಂಗಿಯ ಚೌಕಳಿ. ಎಷ್ಟೋ ಮನೆಗಳ ಹೆಂಗಸರ ಹಗಲುಗಳು ಅಲ್ಲಿ ರಾಶಿ ಬಿದ್ದಿದ್ದವು. ಅವಳದು ಅಲ್ಲಿರಲಿಲ್ಲ.

“ಆ ಮನೆ ಕೌದಿಗಳಲ್ಲಿ ಅರ್ಧ ನಿಂಗೇ ಕೊಟ್ನಲ್ಲಪ್ಪ ಓಂಕಾರೇಶ, ಒಂದು ಬಾಗ್ಲ ಜತೆ,” ಎಂದರು ಕಾಂತರಾಜ್. “ಇನ್ನರ್ಧ ಅಲ್ಲೇ ಅಜ್ಜಂಪುರದಲ್ಲಿ ತೀರ್ಥಪ್ಪನ ಅಂಗಡೀಲಿ ಐತೆ.”

ತನುಜಾ ತಟ್ಟನೆ ತಿರುಗಿದಳು. “ನಿಮ್ಗೇ ಕೊಟ್ಟಿದ್ರಾ?”

“ತುಂಬಾ ಮಾಲು ಬರುತ್ತೆ, ಯಾವ ಮನೇದು ಅಂತ ಯಾರು ಕೇಳ್ತಾರೆ? ಎಲ್ಲಾ ಮಾರಾಟ ಆಯ್ತು.” ಎಂದ ಓಂಕಾರೇಶ್. “ಅಜ್ಜಂಪುರಕ್ಕೆ ಹೋಗೋಣ್ವಾ? ನಿಮ್ಗೆ ಬೇಡಾ ಅನ್ಸಿದ್ರೆ ನಾನೊಬ್ನೇ…”

“ನಡೀರಿ.”

ದಾರಿಯ ಎರಡೂ ಕಡೆ ಈರುಳ್ಳಿ ಹೊಲಗಳು. ಬಂಡೆಯಂತಿದ್ದ ಹುಡುಗಿ ಅಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದಳು. “ಗುರುತು ಹೇಳಿದ್ರೆ ವ್ಯಾಪಾರಿಗಳು ರೇಟ್ ಏರಿಸ್ತಾರೆ ಅಂತ ಯಾರಿಗೂ ಹೇಳಿಲ್ಲ. ನಿಮ್ಗೆ ಹೇಳ್ತೀನಿ. ಮಧ್ಯದಲ್ಲಿ ನನ್ನ ಸ್ಕೂಲ್ ಲಂಗದ ತುಂಡು ಇದೆ. ಅಮ್ಮ ಅದರ ಜೇಬು ಬಿಚ್ಚದೆ ಹಾಗೇ ಹೊಲಿದಿದ್ಲು. ಬೇಜಾರಾದಾಗ ಕೈ ಇಟ್ಕೊಂಡು ಮಲ್ಕೋ ಅಂತಿದ್ಲು.”

ವ್ಯಾನು ಒಂದು ಗುಂಡಿಗೆ ಇಳಿದು ಜೋರಾಗಿ ಕುಲುಕಿತು. ಆಮೇಲೆ ಓಂಕಾರೇಶ್ ಕನ್ನಡಿಯ ಕಡೆ ನೋಡಲೇ ಇಲ್ಲ.

ಅಜ್ಜಂಪುರದಲ್ಲಿ ಅವನು ಸುತ್ತುದಾರಿಗೆ ತಿರುಗಿಸಲು ಹೋದಾಗ ತನುಜಾ ತಡೆದಳು. “ಆ ಬೀದೀಲೇ ಹೋಗಿ. ನಾನ್ಯಾಕೆ ಸುತ್ತು ಹಾಕ್ಕೊಂಡು ಹೋಗ್ಲಿ?” ಹಳೆಯ ಗಂಡನ ಹೊಸ ಮನೆಯ ಮುಂದೆ ವ್ಯಾನು ಹಾದುಹೋಯಿತು. ಅವಳು ಕಿಟಕಿ ಏರಿಸಲಿಲ್ಲ, ತಲೆ ತಗ್ಗಿಸಲಿಲ್ಲ. ಸೀಟಿನ ಅಂಚು ಹಿಡಿದ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು.

ತೀರ್ಥಪ್ಪನ ಅಂಗಡಿಯಲ್ಲೂ ಸಿಗಲಿಲ್ಲ. ಕೂದಲಿಗೆ ಜೇಡರಬಲೆ ಮೆತ್ತಿಕೊಂಡು ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ನೀರು ಕುಡಿದು ಬಾಯಿ ಒರೆಸಿಕೊಂಡು, “ಮುಂದಿನ ರಜಾಕ್ಕೆ ಹೊಸದುರ್ಗದ ಕಡೆ ನೋಡ್ತೀನಿ,” ಎಂದಳು.

ಓಂಕಾರೇಶ್ ಇನ್ನು ತಡೆಯಲಾರದೆ ಹೋದ. “ಎಲ್ಲೂ ಹೋಗ್ಬೇಡಿ. ಕೌದಿ ನಮ್ಮನೇಲಿದೆ. ಮಾಲಲ್ಲಿ ಬಂದಾಗ ಅಮ್ಮಂಗೆ ಅಂತ ಒಂದು ತೆಗೆದಿಟ್ಟಿದ್ದೆ, ಅದನ್ನೇ ಹೊದ್ಕೊತಾಳೆ.”

ತನುಜಾ ನಿಧಾನವಾಗಿ ಎದ್ದು ನಿಂತಳು. “ಯಾವಾಗ ಗೊತ್ತಾಯ್ತು?”

“ನೀವು ಜೇಬು ಅಂದಾಗ.”

“ಮತ್ತೆ ಇಷ್ಟೊತ್ತು ನನ್ನ ಕೈಲಿ ಧೂಳು ಕುಡಿಸಿದ್ರಲ್ಲ, ಯಾಕೆ?”

“ಚಿಕನ್‌ಗುನ್ಯಾ ಬಂದು ಎದ್ದ ಮೇಲೆ ಅಮ್ಮಂಗೆ ಅದಿಲ್ದೆ ನಿದ್ದೆ ಬರಲ್ಲ. ಹೆಂಗೆ ಕಿತ್ಕೊಳ್ಳೋದು ಅಂತ…” ಅವನು ನೆಲ ನೋಡಿದ. “ಇನ್ನೊಂದೂ ಇದೆ. ಕೌದಿ ಸಿಕ್ಬಿಟ್ರೆ ನೀವು ಹೋಗ್ಬಿಡ್ತೀರ ಅನ್ನಿಸ್ತು.”

ಕೊನೆಯ ಮಾತು ಅವಳ ಕೆನ್ನೆಯನ್ನು ಬಿಸಿ ಮಾಡಿತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು. “ಗಾಡಿ ತೆಗೀರಿ,” ಎಂದಳು.

ಸಂಜೆ ಬಿಸಿಲು ಆರುವ ಮೊದಲೇ ಕಡೂರು ತಲುಪಿದರು. ಓಂಕಾರೇಶನ ತಾಯಿ ಸಾವಿತ್ರಮ್ಮ ಜಗಲಿಯ ಮೇಲೆ ಕಾಲಿಗೆ ಕೌದಿ ಹೊದ್ದು ಕೂತಿದ್ದರು. ತನುಜಾ ಬಾಗಿಲಲ್ಲೇ ನಿಂತುಬಿಟ್ಟಳು. ಮಾಸಿದ ನೀಲಿ ತುಂಡು, ಅದೇ ಜೇಬು. ಅದರೊಳಗಿಂದ ಕನ್ನಡಕದ ಕಡ್ಡಿ ಇಣುಕುತ್ತಿತ್ತು.

ವಿಷಯ ಕೇಳಿದ ಸಾವಿತ್ರಮ್ಮ ಮಗನನ್ನು ಒಮ್ಮೆ ಗದರಿದರು. ಆಮೇಲೆ ಜೇಬಿನಿಂದ ಕನ್ನಡಕ, ಮಾತ್ರೆಯ ಶೀಟು, ವಿಭೂತಿ ಗಟ್ಟಿ ಒಂದೊಂದಾಗಿ ತೆಗೆದಿಟ್ಟು ಕೌದಿಯನ್ನು ಮಡಚಿದರು. ಗಂಟು ನೋವಿನ ಬೆರಳುಗಳಿಗೆ ಮಡಿಕೆ ನೆಟ್ಟಗೆ ಕೂರಲಿಲ್ಲ. “ತಗೋ ತಾಯಿ. ಯಾರೋ ಪುಣ್ಯಾತ್ಗಿತ್ತಿ ಜೇಬು ಇಟ್ಟೌಳಲ್ಲ ಅಂತ ದಿನಾ ನೆನೆಸ್ಕೊತಿದ್ದೆ. ನಿಮ್ಮಮ್ಮನೇ ಅಂತ ಇವತ್ತು ಗೊತ್ತಾಯ್ತು.”

ಇಷ್ಟು ವರ್ಷ ಎಲ್ಲೂ ಅಳದಿದ್ದವಳು ಆ ಜಗಲಿಯ ಮೇಲೆ ಕೂತು ಮನಸಾರೆ ಅತ್ತಳು. ನಂತರ ಕಣ್ಣೊರೆಸಿಕೊಂಡು ಕೌದಿಯನ್ನು ಎದೆಗವಚಿಕೊಂಡು ಹೊರಟಳು. ಓಂಕಾರೇಶನ ಕಡೆ ನೋಡಲಿಲ್ಲ.

ಮುಂದಿನ ರಜೆಯ ದಿನ ಒಂದು ಗಂಟು ಹೊತ್ತುಕೊಂಡು ಮತ್ತೆ ಬಂದಳು. “ಅಮ್ಮಾ, ಚಳೀಲಿ ನಿಮ್ಮನ್ನ ಕೂರಿಸಿ ನಾನು ಬೆಚ್ಚಗೆ ಮಲ್ಗೋಕಾಗಲ್ಲ. ನಿಮ್ಗೊಂದು ಹೊಲಿತೀನಿ. ನಂಗೆ ಬರಲ್ಲ, ಹೇಳ್ಕೊಡಿ.”

ಹಾಗೆ ಶುರುವಾಯಿತು. ಹಳೇ ಸೀರೆಗಳು ಹಾಸಿಗೆಯಗಲ ಹರಡಿದವು. ಓಂಕಾರೇಶ್ ಕಾಫಿ ತಂದಿಟ್ಟು ಅಪರಾಧಿಯಂತೆ ಸರಿದು ಹೋಗುತ್ತಿದ್ದ. ಮೊದಮೊದಲು ಅವಳು ಅವನನ್ನು ಮಾತಾಡಿಸಿದ್ದು ಕತ್ತರಿ ಕೇಳಲು ಮಾತ್ರ. ಆಮೇಲೆ ದಾರಕ್ಕೂ ಕೇಳಿದಳು. ಆಮೇಲಾಮೇಲೆ ದಾರದ ಉಂಡೆ ತನ್ನ ಮಡಿಲಲ್ಲೇ ಇದ್ದರೂ ಕೇಳಿದಳು.

ಕೊನೆಯ ಅಂಚು ಉಳಿದಿದ್ದ ದಿನ ಸಾವಿತ್ರಮ್ಮ ಮಠಕ್ಕೆ ಹೋಗಿದ್ದರು. ತನುಜಾ ಸೂಜಿ ಕೆಳಗಿಟ್ಟಳು.

“ಕೌದಿ ಮುಗೀತಾ ಬಂತು ಅಂತ ಮುಖ ಸಣ್ಣ ಮಾಡ್ಕೊಂಡಿದ್ದೀರಾ?”

“ಹಂಗೇನಿಲ್ಲ.”

“ಮತ್ತೆ ಸುಳ್ಳು.”

ಅವನು ಉಸಿರೆಳೆದುಕೊಂಡ. “ಹೂಂ. ನೀವು ಬರೋದು ನಿಂತ್ರೆ ಹೆಂಗೆ ಅಂತ ಯೋಚ್ನೆ ಆಗಿದೆ. ಕೇಳೋ ಧೈರ್ಯ ಇಲ್ಲ.”

“ನಾನೇ ಹೇಳ್ತೀನಿ ಹಾಗಾದ್ರೆ. ಒಂದ್ಸಲ ಮದ್ವೆ ಮುರ್ಕೊಂಡು ಬಂದೋಳು ನಾನು. ಕೆಲ್ಸ ಬಿಡಲ್ಲ. ದನಿ ಎತ್ತರಿಸಿದ್ರೆ ಸಹಿಸಲ್ಲ, ಕೈ ಎತ್ತಿದ್ರೆ ಒಂದ್ ಕ್ಷಣಾನೂ ಇರಲ್ಲ. ನಂಗೆ ನೀವು ಇಷ್ಟ. ಒಪ್ಪಿಗೆನಾ?”

ಓಂಕಾರೇಶ್ ಎದುರು ಬದಿಯಲ್ಲಿ ಕೂತು ಇನ್ನೊಂದು ಸೂಜಿ ಎತ್ತಿಕೊಂಡ. ತಲೆ ಬಗ್ಗಿಸಿ ಹೊಲಿಯತೊಡಗಿದ. ಬೆರಳಿಗೆ ಚುಚ್ಚಿಕೊಂಡು ಅವಳತ್ತ ನೋಡಿ ನಕ್ಕ. “ಒಪ್ಪಿಗೆ,” ಎಂದ.

ಸಾವಿತ್ರಮ್ಮ ಬಂದಾಗ ಅಂಚು ಮುಗಿದಿತ್ತು. ಕನ್ನಡಕ ಏರಿಸಿ ಅಂಚಿಗುಂಟ ಕೈಯಾಡಿಸಿದರು. “ಅಯ್ಯೋ, ಈ ಕಡೆ ಯಾರೇ ಹೊಲಿದಿದ್ದು? ಏತಿ ಅಂದ್ರೆ ಪ್ರೇತಿ ಅಂದಂಗೈತೆ. ಬಿಚ್ಬುಡು, ಬಿಚ್ಚಿ ಮತ್ತೆ ಹಾಕು.”

“ಇರ್ಲಿ ಬಿಡಿ ಅತ್ತೆ,” ಎಂದಳು ತನುಜಾ.

ಸಾವಿತ್ರಮ್ಮನ ಕೈ ಕೌದಿಯ ಮೇಲೆ ಹಾಗೇ ನಿಂತಿತು. ಸೊಸೆಯನ್ನು ನೋಡಿದರು, ಕಿವಿಯವರೆಗೂ ಕೆಂಪಾಗಿದ್ದ ಮಗನನ್ನು ನೋಡಿದರು, ಮತ್ತೆ ಸೊಸೆಯನ್ನು ನೋಡಿದರು.